ಸಂಘದ ಸಾಲ, ತಾಲ್ಲೂಕು ಕೋರ್ಟು, ಮತ್ತೆ ನಾವು

ಹೋದ ರಜೆಯಲ್ಲಿ ನಾವು ನಾಲ್ಕು ಜನ ಟಿ. ನರಸೀಪುರದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ನಮ್ಮಲ್ಲೊಬ್ಬಳ ಊರು ಅದು. ಪ್ಲಾನ್ ಇದ್ದದ್ದು ಇಷ್ಟೇ: ಸಂಗಮದಲ್ಲಿ ಫೋಟೋ, ಸೋಮನಾಥಪುರ, ಆಮೇಲೆ ಅವಳ ಮನೆಯಲ್ಲಿ ಊಟ. ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಅವಳ ದೊಡ್ಡಮ್ಮ ಒಂದು ಪ್ಲಾಸ್ಟಿಕ್ ಕವರ್ ತಂದು ನಮ್ಮ ಮುಂದೆ ಇಟ್ಟರು. ಒಳಗೆ ಮೂರು ಸಾಲದ ಕಾರ್ಡು, ಮಡಚಿ ಮಡಚಿ ಹರಿಯೋ ಹಾಗಾಗಿದ್ದ ಒಂದಷ್ಟು ಪೇಪರು. "ನೀವೆಲ್ಲ ಇಂಗ್ಲಿಷ್‌ನಲ್ಲಿ ಓದ್ದೋರು. ಇದ್ರಲ್ಲಿ ಏನ್ ಬರ್ದವ್ರೆ ವಸಿ ನೋಡ್ರವ್ವ" ಅಂದರು.

ನೋಡಿದೆವು. ಮೂರೂ ಬೇರೆ ಬೇರೆ ಕಂಪನಿಯ ಸಾಲ. ಹಳ್ಳಿಯಲ್ಲಿ ಇದನ್ನು ಯಾರೂ ಮೈಕ್ರೋಫೈನಾನ್ಸ್ ಅನ್ನಲ್ಲ, "ಸಂಘದ ಸಾಲ" ಅಂತಾರೆ. ಒಂದಕ್ಕೆ ವಾರಕ್ಕೆ 750 ರೂಪಾಯಿ ಕಂತು, ಇನ್ನೊಂದಕ್ಕೆ ವಾರಕ್ಕೆ 900, ಮೂರನೆಯದಕ್ಕೆ ತಿಂಗಳಿಗೆ 2,400. ನಾಲ್ಕು ವಾರದ ಲೆಕ್ಕ ಹಾಕಿದರೆ ತಿಂಗಳಿಗೆ 9,000. ಮನೆಗೆ ಬರೋ ದುಡ್ಡು ಒಳ್ಳೆಯ ತಿಂಗಳಲ್ಲಿ 12,000. ನಾಟಿ, ಕಳೆ, ಕಟಾವು ಇದ್ದಾಗ ಕೂಲಿ, ಇಲ್ಲದಾಗ ಇಲ್ಲ. ಕಂತು ಮಾತ್ರ ಎಲ್ಲ ಕಾಲದಲ್ಲೂ ಒಂದೇ. ಎರಡನೇ ಸಾಲ ತಗೊಂಡಿದ್ದು ಮೊದಲನೆಯದನ್ನು ಕಟ್ಟೋಕೆ, ಮೂರನೆಯದು ಎರಡನೆಯದಕ್ಕೆ.

ಕಟ್ಟೋಕಾಗದ ವಾರ ಏನಾಗತ್ತೆ ಅಂತ ಕೇಳಿದೆವು. "ರಾತ್ರಿ ಎಂಟಾದ್ರೂ ಬಾಗ್ಲಲ್ಲೇ ಕೂತಿರ್ತಾರೆ ಕಣವ್ವ. ಸಂಘದ ಹೆಂಗಸ್ರೂ ಬಂದು ಕೂತ್ಕತಾರೆ. ಅವ್ರ ತೆಪ್ಪೂ ಅಲ್ಲ, ನಾನ್ ಕಟ್ನಿಲ್ಲ ಅಂದ್ರೆ ಅವ್ರು ಕಟ್ಬೇಕು. ಏನ್ ಮಾಡದು?"

ನಮಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಎರಡು ವರ್ಷದಿಂದ ಮ್ಯಾಥ್ಸ್, ಸಿಗ್ನಲ್ಸ್, ಡೇಟಾ ಸ್ಟ್ರಕ್ಚರ್ಸ್ ಓದ್ತಾ ಇದ್ದೀವಿ. ಒಂದು ಸಾಲದ ಕಾರ್ಡು ಓದಿ ಅರ್ಥ ಮಾಡಿಕೊಳ್ಳೋಕೆ ನಾಲ್ಕು ತಲೆ ಸೇರಿ ಅರ್ಧ ಗಂಟೆ ಆಯ್ತು.

ಆಮೇಲೆ ಫೋನ್ ತೆಗೆದು ಹುಡುಕಿದೆವು. ಭಾರತೀಯ ರಿಸರ್ವ್ ಬ್ಯಾಂಕ್ ಈ ಸಾಲಗಳಿಗೆ ಅಂತಲೇ ಒಂದು ನಿರ್ದೇಶನ ಹೊರಡಿಸಿದೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರೋ ಮನೆಗೆ ಏನನ್ನೂ ಅಡ ಇಡಿಸಿಕೊಳ್ಳದೆ ಕೊಡೋ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಅಂದರೆ ದೊಡ್ಡಮ್ಮನ ಮನೆಗೆ ಮಿತಿ 6,000. ಕಟ್ಟುತ್ತಿರೋದು 9,000. ವಸೂಲಿಗೆ ಬರುವವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡೋ ಹಾಗಿಲ್ಲ. ಬೆದರಿಸೋ ಹಾಗಿಲ್ಲ, ನೆಂಟರಿಷ್ಟರನ್ನು ಪೀಡಿಸೋ ಹಾಗಿಲ್ಲ, ಸಾಲಗಾರರ ಹೆಸರನ್ನು ಊರಿಗೆಲ್ಲ ಸಾರೋ ಹಾಗಿಲ್ಲ. ಇಬ್ಬರೂ ಒಪ್ಪಿದ ಜಾಗದಲ್ಲಿ ವಸೂಲಿ ಮಾಡಬೇಕು. ಆ ಜಾಗಕ್ಕೆ ಸತತವಾಗಿ ಎರಡು ಸಲವಾದರೂ ಬರದಿದ್ದರೆ ಮಾತ್ರ ಮನೆ ಬಾಗಿಲಿಗೆ ಬರಬಹುದು. ಸಾಲದ ಪತ್ರ ಸಾಲಗಾರರಿಗೆ ಅರ್ಥವಾಗೋ ಭಾಷೆಯಲ್ಲಿ ಇರಬೇಕು.

ಇಷ್ಟೆಲ್ಲ ನಿಯಮ ಇದೆ. ಆ ಜಗಲಿ ಮೇಲೆ ಯಾರಿಗೂ ಇದರಲ್ಲಿ ಒಂದೂ ಗೊತ್ತಿರಲಿಲ್ಲ, ನಮ್ಮನ್ನೂ ಸೇರಿಸಿ.

ನಾವು ಕಾರ್ಡು ಓದ್ತಾ ಇದ್ದೀವಿ ಅನ್ನೋದು ಪಕ್ಕದ ಮನೆಗೆ ಗೊತ್ತಾಯ್ತು. ಸಂಜೆ ಹೊತ್ತಿಗೆ ಜಗಲಿ ಮೇಲೆ ಹನ್ನೊಂದು ಕವರ್. ನಮ್ಮಲ್ಲೊಬ್ಬ ಬ್ಯಾಗಿನಲ್ಲಿದ್ದ ನೋಟ್‌ಬುಕ್‌ನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಕಾಲಂ ಮಾಡಿ ಬರೆದುಕೊಂಡ. ಹನ್ನೊಂದು ಜನರಲ್ಲಿ ಎಂಟು ಜನ ಸಂಜೆ 6ರ ಮೇಲೆ ಮನೆಗೆ ಬರ್ತಾರೆ ಅಂದರು. ಆರು ಜನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಾಲ. ಕಾರ್ಡಲ್ಲಿ ಏನಿದೆ ಅಂತ ಪೂರ್ತಿ ಓದಿ ತಿಳಿದುಕೊಂಡಿದ್ದವರು ಒಬ್ಬರೂ ಇಲ್ಲ. ಇದು ಸರ್ವೇ ಅಲ್ಲ, ಒಂದು ಬೀದಿಯ ಒಂದು ಸಂಜೆಯ ಕಥೆ. ಆದರೆ ಈ ಲೇಖನ ಹುಟ್ಟಿದ್ದು ಆ ಹಾಳೆಯಿಂದ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳಿಂದ ಸುದ್ದಿ ಬರೋಕೆ ಶುರುವಾಯ್ತು. ಸಾಲದ ಕಾಟ ತಡೀಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟು ಹೋದ ಸಂಸಾರಗಳ ಸುದ್ದಿ, ಆತ್ಮಹತ್ಯೆಯ ಸುದ್ದಿ. ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲೂ ಅದೇ. ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯ ಉಳಿಸಿಕೊಡಿ ಅಂತ ಮುಖ್ಯಮಂತ್ರಿಗೆ ತಾಳಿಯನ್ನೇ ಪೋಸ್ಟ್ ಮಾಡಿದರು. ಸರ್ಕಾರ ಸುಗ್ರೀವಾಜ್ಞೆ ತಯಾರು ಮಾಡಿತು. ರಾಜ್ಯಪಾಲರು ಫೆಬ್ರವರಿ 7ರಂದು ಅದನ್ನು ವಾಪಸ್ ಕಳಿಸಿದರು. ಹತ್ತು ವರ್ಷದ ಶಿಕ್ಷೆ ಅತಿಯಾಯಿತು, ನ್ಯಾಯವಾಗಿ ಸಾಲ ಕೊಡುವವರಿಗೂ ತೊಂದರೆಯಾಗತ್ತೆ ಅನ್ನೋದು ಅವರ ಆಕ್ಷೇಪಗಳಲ್ಲಿ ಸೇರಿತ್ತು. ಸರ್ಕಾರ ವಿವರಣೆ ಕೊಟ್ಟ ಮೇಲೆ ಫೆಬ್ರವರಿ 12ರಂದು ಸಹಿ ಬಿತ್ತು. ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನು ಮಸೂದೆಯಾಗಿ ಒಪ್ಪಿತು.

ಕಿರು ಸಾಲ ಮತ್ತು ಸಣ್ಣ ಸಾಲದ ಬಲವಂತದ ವಸೂಲಿ ತಡೆಯೋ ಈ ಕಾನೂನಿನಲ್ಲಿ ಗಟ್ಟಿ ಅಂಶಗಳಿವೆ. ಸಾಲ ಕೊಡೋ ಸಂಸ್ಥೆ ಜಿಲ್ಲೆಯ ನೋಂದಣಿ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಏನನ್ನೂ ಅಡ ಇಡಿಸಿಕೊಳ್ಳಬಾರದು. ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ದೂರು ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಲೈಸೆನ್ಸೂ ನೋಂದಣಿಯೂ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದ ಹಾಗೇ ಲೆಕ್ಕ.

ಓದಿ ನಮಗೂ ಖುಷಿಯಾಯ್ತು. ಆದರೆ ದೊಡ್ಡಮ್ಮನ ಮೂರು ಕಾರ್ಡಿನ ಕಂಪನಿಗಳೂ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದವು. ಅಂಥ ಬ್ಯಾಂಕು, ಹಣಕಾಸು ಕಂಪನಿಗಳು ಈ ಕಾನೂನಿನ ವ್ಯಾಪ್ತಿಯಿಂದ ಹೊರಗೆ. ಇದಕ್ಕೆ ಕಾರಣವೂ ಇದೆ. 2022ರಲ್ಲಿ ಕೇರಳ, ಗುಜರಾತಿನ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್, ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರೋ ಹಣಕಾಸು ಕಂಪನಿಗಳಿಗೆ ರಾಜ್ಯದ ಲೇವಾದೇವಿ ಕಾನೂನು ಅನ್ವಯಿಸಲ್ಲ ಅಂತ ಹೇಳಿದೆ. ಹಾಗಾಗಿ ದೊಡ್ಡಮ್ಮನಿಗೆ ದಾರಿ ಬೇರೆ. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬೇಕು. ಬೆದರಿಕೆ, ಹಲ್ಲೆ ಆದರೆ ಪೊಲೀಸ್ ಸ್ಟೇಷನ್ ಇದ್ದೇ ಇದೆ. ಯಾರ ಸಾಲಕ್ಕೆ ಯಾವ ದಾರಿ ಅಂತ ಕಾರ್ಡು ನೋಡಿ ಹೇಳೋರು ಒಬ್ಬರು ಬೇಕು.

ಅಂಥವರು ಇದ್ದಾರಾ? ಇದ್ದಾರೆ. ನಾವು ಹುಡುಕಿದಾಗ ನಿಜಕ್ಕೂ ಆಶ್ಚರ್ಯ ಆಗಿದ್ದು ಇಲ್ಲೇ.

ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಸರ್ಕಾರ ಉಚಿತ ಕಾನೂನು ನೆರವು ಕೊಡಬೇಕು ಅನ್ನೋ 39ಎ ವಿಧಿ 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಂತು, 1995ರ ನವೆಂಬರ್ 9ರಿಂದ ಜಾರಿಯಾಯಿತು. ಅದರ ಪ್ರಕಾರ ದೇಶಕ್ಕೊಂದು, ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ, ತಾಲ್ಲೂಕಿಗೊಂದು ಸಮಿತಿ. ತಾಲ್ಲೂಕಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ನಂಜನಗೂಡಿನಲ್ಲೂ ಇದೆ, ಟಿ. ನರಸೀಪುರದಲ್ಲೂ ಇದೆ. ನಾವು ದಿನಾ ಬಸ್ಸಲ್ಲಿ, ರೈಲಲ್ಲಿ ಓಡಾಡೋ ಊರುಗಳಲ್ಲಿ ಇಂಥದ್ದೊಂದು ಇದೆ ಅಂತ ನಮಗೆ ಹತ್ತೊಂಬತ್ತು ವರ್ಷ ಗೊತ್ತಿರಲಿಲ್ಲ.

ಕಾಯ್ದೆಯ 12ನೇ ಸೆಕ್ಷನ್ ಯಾರಿಗೆ ಉಚಿತ ವಕೀಲರು ಸಿಗುತ್ತಾರೆ ಅಂತ ಹೇಳುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಮಕ್ಕಳು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರೋರು, ಮತ್ತೆ ಮಹಿಳೆಯರು. ಮಹಿಳೆ ಅಂದರೆ ಸಾಕು, ಆದಾಯದ ಮಿತಿ ಇಲ್ಲ. ಅಂದರೆ ಆ ಹನ್ನೊಂದು ಕವರಿನ ಹನ್ನೊಂದು ಹೆಂಗಸರೂ ಇವತ್ತೇ ಹೋಗಿ ವಕೀಲರನ್ನು ಕೇಳಬಹುದು. ಅರ್ಜಿ ಕನ್ನಡದಲ್ಲಿ ಕೊಡಬಹುದು. ಬರೆಯೋಕೆ ಬರದಿದ್ದರೆ ಬಾಯಲ್ಲಿ ಹೇಳಿದರೂ ಬರೆದುಕೊಳ್ಳಬೇಕು ಅಂತ ನಿಯಮ ಇದೆ. ಫೋನ್ ಮಾಡೋದಾದರೆ 15100. ಈ ಐದು ಅಂಕಿ ಮರೀಬೇಡಿ. ಈ ಲೇಖನದಿಂದ ಇಷ್ಟೊಂದು ತಗೊಂಡು ಹೋದರೂ ನಮಗೆ ಸಮಾಧಾನ.

ಆದರೆ ನಾವು ಹೇಳಬೇಕು ಅಂತಿರೋದು ಇದರ ಮುಂದಿನ ಮಾತು.

ದೊಡ್ಡಮ್ಮ ತಾಲ್ಲೂಕು ಸಮಿತಿಗೆ ಹೋದರು ಅಂದುಕೊಳ್ಳಿ. ಒಬ್ಬ ವಕೀಲರು ಸಿಕ್ಕರು, ಕಂಪನಿಗೆ ಒಂದು ಪತ್ರ ಹೋಯ್ತು, ರಾತ್ರಿ ಬರೋದು ನಿಂತಿತು. ಒಳ್ಳೇದೇ. ಮುಂದಿನ ವಾರ ಪಕ್ಕದ ಮನೆಯವರು ಹೋಗಬೇಕು. ಅದರ ಮುಂದಿನ ವಾರ ಎದುರು ಮನೆಯವರು. ನಮ್ಮಲ್ಲಿ ಕಂಪ್ಯೂಟರ್ ಸೈನ್ಸ್ ಓದೋರಿಗೆ ಇದು ತಕ್ಷಣ ಹೊಳೆಯುತ್ತೆ. ಒಂದೇ ಬಗ್ ಬಗ್ಗೆ ನೂರು ಟಿಕೆಟ್ ಬಂದಾಗ ನೂರನ್ನೂ ಒಂದೊಂದಾಗಿ ಕ್ಲೋಸ್ ಮಾಡ್ತಾ ಕೂತರೆ, ನೂರಾ ಒಂದನೇ ಟಿಕೆಟ್ ನಾಳೆ ಬಂದೇ ಬರುತ್ತೆ. ಯಾರಾದರೂ ಒಬ್ಬರು ನೂರನ್ನೂ ಒಟ್ಟಿಗೆ ಇಟ್ಟು ನೋಡಿ, ಕೋಡ್ ಬರೆದವರ ಹತ್ತಿರ ಹೋಗಿ, ತಪ್ಪಿರೋದು ಇಲ್ಲಿ ಅನ್ನಬೇಕು. ಕಾನೂನಿನಲ್ಲಿ ಆ ಕೆಲಸ ಯಾರದ್ದು?

ಆಸ್ಟ್ರೇಲಿಯಾದಲ್ಲಿ ಕಮ್ಯುನಿಟಿ ಲೀಗಲ್ ಸೆಂಟರ್ ಅಂತ ಇವೆ, ಬಡಾವಣೆ ಮಟ್ಟದ ಕಾನೂನು ಕೇಂದ್ರಗಳು. 1972ರಲ್ಲಿ ಮೆಲ್ಬೋರ್ನಿನ ಫಿಟ್ಜ್‌ರಾಯ್ ಅನ್ನೋ ಬಡಾವಣೆಯ ಟೌನ್ ಹಾಲಿನ ನೆಲಮಾಳಿಗೆಯಲ್ಲಿ ಕೆಲವು ಸ್ವಯಂಸೇವಕರು ಸೇರಿ ಒಂದನ್ನು ಶುರು ಮಾಡಿದರು. ಇಂಥ ಕೇಂದ್ರಗಳು ಎರಡು ಕೆಲಸ ಮಾಡುತ್ತವೆ. ಬಂದವರಿಗೆ ಸಲಹೆ ಕೊಡೋದು ಒಂದು. ಬಂದವರ ಕಷ್ಟದಲ್ಲಿ ಒಂದೇ ಥರದ್ದು ಮತ್ತೆ ಮತ್ತೆ ಕಂಡರೆ ಅದನ್ನು ಲೆಕ್ಕ ಮಾಡಿ, ಕಾನೂನು ಬದಲಾಗಬೇಕು ಅಂತ ಸರ್ಕಾರದ ಮುಂದೆ ಇಡೋದು ಇನ್ನೊಂದು. ಎರಡನೆಯ ಕೆಲಸ ಅಲ್ಲೂ ಎಲ್ಲರಿಗೂ ಇಷ್ಟವಿಲ್ಲ. 2014ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ತನ್ನ ಅನುದಾನವನ್ನು ಕಾನೂನು ಸುಧಾರಣೆಯ ಕೆಲಸಕ್ಕೆ ಬಳಸಬಾರದು ಅಂದಿತ್ತು. ಅದೇ ವರ್ಷ ಅಲ್ಲಿನ ಸರ್ಕಾರದ್ದೇ ಪ್ರೊಡಕ್ಟಿವಿಟಿ ಕಮಿಷನ್ ಉಲ್ಟಾ ಹೇಳಿತು: ಒಂದು ತಪ್ಪು ನಿಯಮ ಸರಿಯಾದರೆ ಸಾವಿರ ಕೇಸು ಬರೋದೇ ತಪ್ಪುತ್ತೆ, ಇದು ದುಡ್ಡಿನ ಒಳ್ಳೆಯ ಬಳಕೆ ಅನ್ನೋ ಅರ್ಥದಲ್ಲಿ. ಎಂಜಿನಿಯರುಗಳಿಗೆ ಈ ವಾದ ಬಿಡಿಸಿ ಹೇಳಬೇಕಾಗಿಲ್ಲ.

ಅದೆಲ್ಲ ಹೊರದೇಶದ ಕಥೆ, ನಮ್ಮಲ್ಲಿ ಆಗಲ್ಲ ಅನ್ನಬೇಡಿ. ಆಗಿದೆ.

1978ರಲ್ಲಿ ಕರ್ನಾಟಕದಲ್ಲಿ ಪಿಟಿಸಿಎಲ್ ಅನ್ನೋ ಕಾಯ್ದೆ ಬಂತು. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟ ನಿಲ್ಲಲ್ಲ, ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ ವಾಪಸ್ ಪಡೀಬಹುದು ಅಂತ. ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಕಾಯ್ದೆಯಲ್ಲಿ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್, ಸಮಂಜಸ ಕಾಲದೊಳಗೆ ಹಾಕಬೇಕು ಅಂದಿತು. ಆ ಮೇಲೆ ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಅರ್ಜಿಗಳು ಬಿದ್ದು ಹೋದವು. ಒಬ್ಬೊಬ್ಬರೂ ಒಬ್ಬೊಬ್ಬ ವಕೀಲರನ್ನು ಹಿಡಿದು ಹೋರಾಡಿದ್ದರೆ ಒಬ್ಬೊಬ್ಬರೇ ಸೋಲುತ್ತಿದ್ದರು. ಜಮೀನು ಕಳಕೊಂಡವರು, ದಲಿತ ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಕಾಯ್ದೆಯನ್ನೇ ತಿದ್ದಿ ಅಂತ ಕೇಳಿದರು. 2023ರಲ್ಲಿ ವಿಧಾನಮಂಡಲ ತಿದ್ದಿತು, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಬರೆಯಿತು. ಅದರ ಅರ್ಥದ ಬಗ್ಗೆ ಕೋರ್ಟುಗಳಲ್ಲಿ ವಾದ ಮುಗಿದಿಲ್ಲ. ಆದರೂ ಕಾನೂನಿನ ಸಾಲೊಂದನ್ನು ಅದರಿಂದ ಪೆಟ್ಟು ತಿಂದವರೇ ಬದಲಾಯಿಸಿದರು ಅನ್ನೋದು ನಿಜ.

ಇನ್ನೊಂದು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರನ್ನು ಮೂರನೇ ಲಿಂಗವಾಗಿ ಗುರುತಿಸಿತು. ಆ ಕೇಸು ಹಾಕಿದ್ದು ಯಾರು ಗೊತ್ತಾ? ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, ಅಂದರೆ 15100ರ ಹಿಂದೆ ಇರೋ ಸಂಸ್ಥೆಯೇ. ಬಂದವರಿಗೆ ವಕೀಲರನ್ನು ಕೊಟ್ಟು ಸುಮ್ಮನಿರಬಹುದಿತ್ತು, ಇರಲಿಲ್ಲ. ಆ ತೀರ್ಪನ್ನು ಹಿಡಿದು ಬೆಂಗಳೂರಿನ ಸಂಗಮ ಸಂಸ್ಥೆ ನಮ್ಮ ಹೈಕೋರ್ಟಿಗೆ ಹೋಯ್ತು. 2021ರಲ್ಲಿ ಕರ್ನಾಟಕ ಸರ್ಕಾರ ನೇಮಕಾತಿ ನಿಯಮ ತಿದ್ದಿ ಸರ್ಕಾರಿ ಕೆಲಸದಲ್ಲಿ ಅವರಿಗೆ ಶೇ 1 ಮೀಸಲಾತಿ ಕೊಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು.

ಇದು ಆ ಪ್ರಾಧಿಕಾರ ತೋರಿದ ಹೆಚ್ಚುವರಿ ಉತ್ಸಾಹ ಅಂತಲೂ ಅಲ್ಲ. 1987ರ ಕಾಯ್ದೆಯ 4ನೇ ಸೆಕ್ಷನ್ ತೆಗೆದು ನೋಡಿ. ಗ್ರಾಹಕರ ರಕ್ಷಣೆ, ಪರಿಸರ, ದುರ್ಬಲ ವರ್ಗದವರಿಗೆ ಸಂಬಂಧಿಸಿದ ವಿಷಯಗಳಲ್ಲಿ ಸಾಮಾಜಿಕ ನ್ಯಾಯದ ದಾವೆ ಹೂಡೋದು ರಾಷ್ಟ್ರೀಯ ಪ್ರಾಧಿಕಾರದ ಕೆಲಸಗಳಲ್ಲಿ ಒಂದು ಅಂತ ಬರೆದಿದೆ. ದಾರಿ ಮೇಲಿಂದ ತೆರೆದೇ ಇದೆ. ತಾಲ್ಲೂಕಿನ ಬಾಗಿಲಿಗೆ ಬಂದ ಕಷ್ಟಗಳು ಒಟ್ಟಾಗಿ ಅಲ್ಲಿಗೆ ಹೋಗಿ ಸೇರಬೇಕು, ಅಷ್ಟೇ. ನಮ್ಮ ವಾದ ಇದೇ: ನಂಜನಗೂಡು, ಟಿ. ನರಸೀಪುರದಂಥ ಊರುಗಳಲ್ಲಿ ಉಚಿತ ವಕೀಲರ ಜೊತೆಗೆ ಉಚಿತ ಲೆಕ್ಕವೂ ಬೇಕು. ಯಾವ ಕಷ್ಟ, ಎಷ್ಟು ಮನೆಯಲ್ಲಿ, ಯಾವ ನಿಯಮ ಮುರಿದದ್ದರಿಂದ, ಅಥವಾ ಯಾವ ನಿಯಮವೇ ಇಲ್ಲದ್ದರಿಂದ ಅನ್ನೋ ಲೆಕ್ಕ.

2025ರಲ್ಲಿ ಆ ಲೆಕ್ಕ ಇರಲಿಲ್ಲ. ಹಾಗಾಗಿ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಯ್ತು. ನಮ್ಮಲ್ಲಿ 1961ರ ಲೇವಾದೇವಿ ಕಾಯ್ದೆ ಇತ್ತು, ವಿಪರೀತ ಬಡ್ಡಿ ನಿಷೇಧಿಸೋ 2004ರ ಕಾಯ್ದೆ ಇತ್ತು, ರಿಸರ್ವ್ ಬ್ಯಾಂಕಿನ 2022ರ ನಿಯಮ ಇತ್ತು. ಯಾವುದು ಎಲ್ಲಿ ಕೆಲಸ ಮಾಡ್ತಿಲ್ಲ ಅಂತ ಹಳ್ಳಿಯಿಂದ ಮೊದಲೇ ಲೆಕ್ಕ ಬಂದಿದ್ದರೆ ಬೀಗ ಬೀಳೋಕೆ ಮುಂಚೆ ಏನಾದರೂ ಮಾಡಬಹುದಿತ್ತು. ಅವಸರದಲ್ಲಿ ಕಾನೂನು ಮಾಡೋದರ ಅಪಾಯ ಏನು ಅನ್ನೋದಕ್ಕೆ ಆಂಧ್ರ ಉದಾಹರಣೆ. ಅಲ್ಲಿ 2010ರಲ್ಲಿ ಇಂಥದ್ದೇ ಸುಗ್ರೀವಾಜ್ಞೆ ಬಂದಾಗ ಕಾಟದ ಜೊತೆ ಸಾಲ ಕೊಡೋದೂ ನಿಂತು ಹೋಯಿತು.

ಇಲ್ಲಿ ನಿಮ್ಮಲ್ಲಿ ಕೆಲವರು ಏನು ಕೇಳ್ತೀರಿ ಅಂತ ನಮಗೆ ಗೊತ್ತು, ಹಾಸ್ಟೆಲ್‌ನಲ್ಲಿ ಕೇಳಿಸಿಕೊಂಡಿದ್ದೀವಿ.

"ಸಾಲ ತಗೊಂಡ ಮೇಲೆ ಕಟ್ಟಬೇಕಪ್ಪ." ಹೌದು, ಕಟ್ಟಬೇಕು. ದೊಡ್ಡಮ್ಮ ಕಟ್ಟಲ್ಲ ಅಂತ ಒಂದು ಸಲವೂ ಹೇಳಲಿಲ್ಲ. ಒಂದು ಸಾಲ ಕಟ್ಟೋಕೆ ಇನ್ನೊಂದು ಸಾಲ ಮಾಡಿದರು, ಅದೇ ಅವರ ತಪ್ಪು. 12,000 ಬರೋ ಮನೆಗೆ 9,000 ಕಂತಿನ ಸಾಲ ಕೊಟ್ಟವರಿಗೂ ಒಂದು ನಿಯಮ ಇತ್ತು. ಸಾಲಗಾರರ ನಿಯಮ ಮಾತ್ರ ನಿಯಮ, ಸಾಲ ಕೊಟ್ಟವರದ್ದು ಸಲಹೆ ಅನ್ನೋ ಹಾಗಿಲ್ಲ.

"ಕಂಪನಿಗಳು ಹೋದರೆ ಮೀಟರ್ ಬಡ್ಡಿಯವರು ಬರ್ತಾರೆ." ಇದು ನಿಜವಾದ ಭಯ, ನಮಗೂ ಇದೆ. ಹೆಣ್ಣುಮಕ್ಕಳ ಹೆಸರಲ್ಲಿ, ಅಡ ಇಲ್ಲದೆ, ಆಸ್ಪತ್ರೆಗೆ ಹಸುಗೆ ಫೀಸಿಗೆ ಸಾಲ ಸಿಗೋದು ಸಣ್ಣ ವಿಷಯ ಅಲ್ಲ. ನಮ್ಮ ಕ್ಲಾಸಿನಲ್ಲೇ ಸಂಘದ ಸಾಲದಲ್ಲಿ ಫೀಸು ಕಟ್ಟಿದವರು ಇದ್ದಾರೆ. ಅದಕ್ಕೇ ಲೆಕ್ಕ ಬೇಕು ಅನ್ನೋದು. ಕಂತು ವಾರಕ್ಕಾ, ತಿಂಗಳಿಗಾ, ಕಟಾವಿಗಾ? ಕಾಟ ಕೊಡೋರು ರಿಸರ್ವ್ ಬ್ಯಾಂಕಿನ ನೋಂದಣಿ ಇರೋರಾ, ಇಲ್ಲದವರಾ? ಇದು ಗೊತ್ತಿಲ್ಲದೆ ಮಾಡೋ ಕಾನೂನು ಎಲ್ಲರನ್ನೂ ಒಂದೇ ಕೋಲಲ್ಲಿ ಹೊಡೆಯತ್ತೆ, ಇಲ್ಲ ಯಾರನ್ನೂ ಮುಟ್ಟಲ್ಲ.

"ಇದೆಲ್ಲ ಪಾಲಿಟಿಕ್ಸ್, ನಮಗ್ಯಾಕೆ?" ವಸೂಲಿಗೆ ಬರೋರ ವಯಸ್ಸು ಎಷ್ಟು ಅಂತ ಆ ಸಂಜೆ ಕೇಳಿದೆವು. "ನಿಮ್ಮಷ್ಟೇ ಹುಡುಗ್ರು, ಒಂದೆಲ್ಡು ವರ್ಷ ಹೆಚ್ಚು" ಅಂದರು. ಅವರಿಗೂ ಟಾರ್ಗೆಟ್ ಇರುತ್ತೆ. ಬಾಗಿಲ ಆಚೆ ಕೂತವರೂ ನಮ್ಮ ವಯಸ್ಸಿನವರು, ಬಾಗಿಲ ಒಳಗೆ ಓದ್ತಾ ಇರೋ ಮಕ್ಕಳೂ ನಮ್ಮ ವಯಸ್ಸಿನವರು. ನಮಗೆ ಸಂಬಂಧ ಇಲ್ಲ ಅನ್ನೋದು ಹೇಗೆ?

ಹಾಗಾದರೆ ನಾವು ಏನು ಮಾಡಬಹುದು? ಮೊದಲು, ಏನು ಮಾಡಬಾರದು ಅಂತ ಹೇಳ್ತೀವಿ. ನಾವು ವಕೀಲರಲ್ಲ. ಕಟ್ಟಿ, ಕಟ್ಟಬೇಡಿ, ಕೇಸು ಹಾಕಿ ಅಂತ ಸಲಹೆ ಕೊಡೋ ಅರ್ಹತೆ ನಮಗಿಲ್ಲ, ತಪ್ಪು ಹೇಳಿದರೆ ಅನುಭವಿಸೋದು ಅವರು. ಆಧಾರ್ ನಂಬರ್, ಹೆಸರು, ಫೋಟೋ ಎಲ್ಲ ಗೂಗಲ್ ಶೀಟಿಗೆ ತುಂಬೋದಂತೂ ಬೇಡವೇ ಬೇಡ.

ಮಾಡಬಹುದಾದದ್ದು ಮೂರು. ಒಂದು, ಓದಿ ಹೇಳೋದು. ನಮ್ಮ ಎನ್‌ಎಸ್‌ಎಸ್ ಘಟಕ, ಕನ್ನಡ ಸಂಘ ಸೇರಿ ತಿಂಗಳಿಗೊಂದು ಭಾನುವಾರ ಈ ಎರಡು ತಾಲ್ಲೂಕಿನ ಒಂದೊಂದು ಹಳ್ಳಿಗೆ ಹೋಗಿ ಸಾಲದ ಕಾರ್ಡು, ನೋಟಿಸು ಓದಿ ಕನ್ನಡದಲ್ಲಿ ತಿಳಿಸಬಹುದು. ಮೈಸೂರಿನ ಕಾನೂನು ಕಾಲೇಜುಗಳ ಹುಡುಗರನ್ನು ಜೊತೆಗೆ ಕರೆದರೆ ಇನ್ನೂ ಒಳ್ಳೇದು. ಎರಡು, ದಾರಿ ತೋರಿಸೋದು. ಯಾವ ಕಷ್ಟಕ್ಕೆ ತಾಲ್ಲೂಕು ಸಮಿತಿ, ಯಾವುದಕ್ಕೆ ಒಂಬುಡ್ಸ್‌ಮನ್, ಯಾವುದಕ್ಕೆ ಪೊಲೀಸ್ ಅಂತ ಒಂದು ಹಾಳೆಯಲ್ಲಿ ಬರೆದು ಕೊಡೋದು, ಬೇಕಾದರೆ ಜೊತೆಗೆ ಕೋರ್ಟಿನವರೆಗೆ ಹೋಗೋದು. ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರೆ ಕಾನೂನು ಸ್ವಯಂಸೇವಕರು ಅಂತ ಒಂದು ಯೋಜನೆ ಇದೆ. ಅದಕ್ಕೆ ಕಾನೂನು ಓದೋರೇ ಆಗಬೇಕಿಲ್ಲ, ಬೇರೆ ವಿದ್ಯಾರ್ಥಿಗಳೂ ತರಬೇತಿ ಪಡೀಬಹುದು. ನಮ್ಮಲ್ಲಿ ಇಬ್ಬರು ಅರ್ಜಿ ಹಾಕ್ತೀವಿ ಅಂತ ತೀರ್ಮಾನಿಸಿದ್ದೀವಿ.

ಮೂರು, ಲೆಕ್ಕ ಇಡೋದು. ಹೆಸರಿಲ್ಲದೆ, ಐದೇ ಪ್ರಶ್ನೆ: ಎಷ್ಟು ಸಾಲ, ಕಂತು ಎಷ್ಟು, ಆದಾಯ ಎಷ್ಟು, ವಸೂಲಿಗೆ ಎಷ್ಟು ಹೊತ್ತಿಗೆ ಬರ್ತಾರೆ, ಕಾಗದ ಯಾವ ಭಾಷೆಯಲ್ಲಿದೆ. ವರ್ಷಕ್ಕೆ ಎರಡು ಸಲ ಅದನ್ನು ಕೂಡಿಸಿ ಕನ್ನಡದಲ್ಲಿ ಎರಡು ಪುಟ ಬರೆದು ತಾಲ್ಲೂಕು ಸಮಿತಿಗೆ, ಜಿಲ್ಲಾಧಿಕಾರಿಗೆ, ಎರಡೂ ಕ್ಷೇತ್ರದ ಶಾಸಕರಿಗೆ ಕೊಡೋದು. ಮಿನಿ ಪ್ರಾಜೆಕ್ಟ್‌ಗೆ ಇಂಟರ್‌ನೆಟ್‌ನಿಂದ ಯಾವುದೋ ಊರಿನ ಡೇಟಾಸೆಟ್ ಇಳಿಸಿಕೊಂಡು ಗ್ರಾಫ್ ಹಾಕ್ತೀವಲ್ಲ, ಅದರ ಬದಲು ಇದನ್ನು ಹಾಕೋಣ.

ಇದರಿಂದ ನಾಳೆಯೇ ಕಾನೂನು ಬದಲಾಗತ್ತೆ ಅಂತ ನಾವು ಹೇಳ್ತಿಲ್ಲ. ಆದರೆ ಮುಂದಿನ ಸಲ ವಿಧಾನಸೌಧದಲ್ಲಿ ಈ ಬಗ್ಗೆ ಮಾತು ಬಂದಾಗ ನಂಜನಗೂಡಿನ ಹೆಸರು ಬರೀ ಬೀಗ ಹಾಕಿದ ಮನೆಗಳ ಫೋಟೋ ಆಗಿ ಬರಬಾರದು, ಅಂಕಿ ಅಂಶದ ಸಮೇತ ಬರಬೇಕು ಅನ್ನೋದು ನಮ್ಮ ಆಸೆ.

ಆವತ್ತು ಕೊನೇ ಬಸ್ಸಿಗೆ ಹೊರಡೋ ಮುಂಚೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ದೊಡ್ಡಮ್ಮನಿಗೆ ಕೊಟ್ಟೆವು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕಾಡುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ. ಕೆಳಗೆ 15100. ಅವರು ಅದನ್ನು ಬಾಗಿಲ ಹಿಂದೆ ಅಂಟಿಸಿದರು. ಸ್ವಲ್ಪ ಹೊತ್ತು ನೋಡಿ, "ಚೆಂದಾಗದೆ. ಆದ್ರೆ ಇದ್ನ ಅವ್ರಿಗೆ ಯಾರವ್ವ ಓದಿ ಹೇಳೋರು?" ಅಂದರು.

ಅದಕ್ಕೆ ನಮ್ಮ ಹತ್ತಿರ ಆವತ್ತು ಉತ್ತರ ಇರಲಿಲ್ಲ. ಹನ್ನೊಂದು ಸಾಲು ಬರೆದ ಆ ನೋಟ್‌ಬುಕ್ ಹಾಳೆ ಇನ್ನೂ ನಮ್ಮ ಹತ್ತಿರವೇ ಇದೆ. ಕನ್ನಡ ಸಂಘದ ಮುಂದಿನ ಮೀಟಿಂಗಿಗೆ ಅದನ್ನು ತರ್ತೀವಿ. ನಮ್ಮದೂ ಒಂದು ಸಂಘವೇ ಅಲ್ವಾ. ಬನ್ನಿ, ಹನ್ನೆರಡನೇ ಸಾಲು ಬರೆಯೋಕೆ ಜನ ಬೇಕು.